ಸಂಚಾರಿ ಖಂಡಗಳ ಮೌನ: ಗೋವಿನಜೋಳದ ಕಾಳಿನಿಂದ ತಿಳಿದುಬಂದ ಜೀವಕೋಶಧರ್ಮ

೧

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿಗೆ ಸೇರಿದ ಗೊಟಗೋಡಿಯು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಗ್ರಾಮವಾಗಿದೆ. ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ನೆಲೆಯೆಂದು ಅದರ ಹೆಸರು ವಿದ್ವಜ್ಜನರಿಗೆ ಪರಿಚಿತವೇ ಆಗಿದೆ. ಆ ಸೀಮೆಯ ಹೊಲಗಳಲ್ಲಿ ಮುಂಗಾರಿಗೆ ಬಿತ್ತುವ ಪೈರುಗಳೊಳಗೆ ಗೋವಿನಜೋಳವು ಪ್ರಧಾನವಾದುದು. ಸುಗ್ಗಿಯ ಕಾಲದಲ್ಲಿ ಅದರ ಹೊಂಬಣ್ಣದ ಕಾಳು ರಸ್ತೆಯ ಅಂಚಿನಲ್ಲಿ ಒಣಗುತ್ತಿರುವುದನ್ನು ದಾರಿಗರೆಲ್ಲರೂ ಕಾಣುತ್ತಾರೆ. ವಿದ್ಯಾಪೀಠದೊಳಗೆ ಬಾಯಿಂದ ಬಾಯಿಗೆ ಬಂದ ಪಾಠಗಳ ವಿಚಾರ ನಡೆಯುತ್ತಿರಲು, ಹೊರಗಣ ಹೊಲದಲ್ಲಿ ಬೆಳೆಯುವ ಈ ಧಾನ್ಯವೂ ತನ್ನೊಳಗೆ ಒಂದು ಪಾಠವನ್ನು ಹೊತ್ತಿದೆಯೆಂಬುದೂ, ಆ ಪಾಠದ ಬಹುಭಾಗವು ಪ್ರಕ್ಷಿಪ್ತವೆಂಬುದೂ ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದ ಸಂಗತಿಗಳು. ಆ ಪ್ರಕ್ಷಿಪ್ತಗಳನ್ನು ಜೀವಕೋಶವು ಹೇಗೆ ಅಡಗಿಸುತ್ತದೆ, ಅಡಗಿಸುವ ಆ ವಿಧಾನದಿಂದಲೇ ತನ್ನ ಪಾಠವನ್ನು ಹೇಗೆ ನಿಯಮಿಸಿಕೊಳ್ಳುತ್ತದೆ ಎಂಬುದು ಪ್ರಕೃತ ಲೇಖನದ ವಿಷಯ.

ಪ್ರಕ್ಷೇಪವೆಂಬುದು ಗ್ರಂಥಸಂಪಾದಕರಿಗೆ ಹೊಸದಲ್ಲ. ಹಿರೇಕೆರೂರು ಸೀಮೆಯ ಅಬಲೂರಿನೊಂದಿಗೆ ಪರಂಪರೆಯು ಹೆಣೆದಿರುವ ಸರ್ವಜ್ಞನ ತ್ರಿಪದಿಗಳನ್ನೇ ನೋಡಬಹುದು. ಅವುಗಳನ್ನು ೧೯೨೪ರಲ್ಲಿ ಉತ್ತಂಗಿ ಚನ್ನಪ್ಪನವರು ಸಂಪಾದಿಸಿ ಪ್ರಕಟಿಸಿದರು. ಕೊನೆಯಲ್ಲಿ ಕವಿಯ ಅಂಕಿತವನ್ನಿಟ್ಟರೆ ಯಾರ ಪದ್ಯವಾದರೂ ಆ ರಾಶಿಯೊಳಗೆ ಸೇರಿಹೋಗುವ ಸಂಭವವಿದ್ದುದರಿಂದ ಮೂಲವಾವುದು, ಕೂಡಿಕೆಯಾವುದು ಎಂಬ ವಿವೇಚನೆ ಅಲ್ಲಿ ಕಷ್ಟವಾಯಿತು. ಜೀವಕೋಶದೊಳಗಿನ ಪ್ರಕ್ಷಿಪ್ತಗಳಿಗೂ ತಮ್ಮದೇ ಆದ ಅಂಕಿತವುಂಟು. ಅವು ಸೇರುವ ರೀತಿಯೂ ಇದಕ್ಕೆ ಕೊಂಚಮಟ್ಟಿಗೆ ಹೋಲುತ್ತದೆ.

೨

ಮೊದಲು ಪದಾರ್ಥನಿರೂಪಣೆ. ಪ್ರತಿಯೊಂದು ಜೀವಕೋಶದ ನಡುವಿನ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಎರಡೆಳೆಯ ನೂಲು ಇರುತ್ತದೆ. ನಾಲ್ಕೇ ಬಗೆಯ ರಾಸಾಯನಿಕ ಘಟಕಗಳು ಸಾಲಾಗಿ ಸೇರಿ ಈ ನೂಲಾಗಿರುವುದರಿಂದ ಅವನ್ನು ಅಕ್ಷರಗಳೆಂದು ವ್ಯವಹರಿಸುವುದು ರೂಢಿ. ಈ ಅಕ್ಷರಪಂಕ್ತಿಯಲ್ಲಿ ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ವಿಧಿಸುವ ಭಾಗಗಳೇ ಜೀನುಗಳು. ಕೋಶವು ಜೀನನ್ನು ಓದುವಾಗ ಅದರ ನಕಲನ್ನು ಆರ್.ಎನ್.ಎ. ಎಂಬ ಬೇರೊಂದು ನೂಲಿನಲ್ಲಿ ತೆಗೆದುಕೊಳ್ಳುತ್ತದೆ. ಜೀನುಗಳ ನಡುನಡುವೆ, ಕೆಲವೊಮ್ಮೆ ಜೀನುಗಳ ಒಳಗೂ, ಒಂದು ಎಡೆಯಿಂದ ಇನ್ನೊಂದು ಎಡೆಗೆ ಹೋಗಿ ಸೇರಬಲ್ಲ ತುಂಡುಗಳಿವೆ. ವಿಜ್ಞಾನಿಗಳು ಟ್ರಾನ್ಸ್‌ಪೋಸಾನ್ ಎಂದು ಕರೆಯುವ ಇವನ್ನು ಇಲ್ಲಿ ಸಂಚಾರಿ ಖಂಡಗಳೆಂದು ಹೇಳಲಾಗುವುದು. ಇವುಗಳಲ್ಲಿ ಕೆಲವು ಇದ್ದ ಎಡೆಯನ್ನು ಬಿಟ್ಟು ಹಾರುತ್ತವೆ. ಬೇರೆ ಕೆಲವು ತಾವು ಇದ್ದಲ್ಲಿಯೇ ಇದ್ದು, ಆರ್.ಎನ್.ಎ. ಮೂಲಕ ತಮ್ಮ ಪ್ರತಿಯೊಂದನ್ನು ಮಾಡಿ ಬೇರೆಡೆಗೆ ಸೇರಿಸುತ್ತವೆ.

ಇವುಗಳ ಇರವನ್ನು ಕಂಡುಹಿಡಿದವರು ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ (೧೯೦೨–೧೯೯೨). ಅವರು ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಗೋವಿನಜೋಳವನ್ನು ಬೆಳೆದು, ೧೯೪೦ರ ದಶಕದಲ್ಲಿ ಅದರ ಚುಕ್ಕೆಗಾಳುಗಳನ್ನು ಪರೀಕ್ಷಿಸಿದರು. ಕಾಳಿಗೆ ನೇರಿಳೆ ಬಣ್ಣವನ್ನು ಕೊಡುವ ಜೀನಿನೊಳಗೆ ‘ಡಿಸೋಸಿಯೇಶನ್’ ಎಂಬ ಖಂಡವು ಹೊಕ್ಕರೆ ಬಣ್ಣವು ತಪ್ಪಿಹೋಗುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದಾದರೊಂದು ಕೋಶದಲ್ಲಿ ಆ ಖಂಡವು ಹೊರಬಿದ್ದರೆ ಆ ಕೋಶದ ಸಂತತಿಯಲ್ಲಿ ಮಾತ್ರ ಬಣ್ಣವು ಮರಳಿ, ಬಿಳಿಯ ಕಾಳಿನ ಮೇಲೆ ನೇರಿಳೆಯ ಚುಕ್ಕೆ ಕಾಣಿಸುತ್ತದೆ. ಆದರೆ ಈ ಖಂಡವು ತಾನಾಗಿ ಚಲಿಸಲಾರದು. ‘ಆಕ್ಟಿವೇಟರ್’ ಎಂಬ ಮತ್ತೊಂದು ಖಂಡವು ಅದೇ ಕೋಶದಲ್ಲಿ ಇರಬೇಕು. ಈ ವಿಷಯವನ್ನು ಮೆಕ್‌ಕ್ಲಿಂಟಾಕ್ ೧೯೫೦ರಲ್ಲಿ ಪ್ರಬಂಧರೂಪವಾಗಿ ಪ್ರಕಟಿಸಿದರು. ಜೀನುಗಳು ದಾರದ ಮಣಿಗಳಂತೆ ಸ್ಥಿರವಾಗಿರುವುವೆಂದು ನಂಬಿದ್ದ ವಿದ್ವತ್ಸಮಾಜವು ಬಹುಕಾಲ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನೊಬೆಲ್ ಪಾರಿತೋಷಕವು ಅವರಿಗೆ ದೊರೆತುದು ೧೯೮೩ರಲ್ಲಿ.

ಅವರು ಕಂಡ ಇನ್ನೊಂದು ಸಂಗತಿಯು ಪ್ರಕೃತಕ್ಕೆ ಹೆಚ್ಚು ಮುಖ್ಯವಾದುದು. ಖಂಡವು ತನ್ನ ಎಡೆಯಲ್ಲಿಯೇ ಇದ್ದು, ಅಕ್ಷರಗಳಲ್ಲಿ ಯಾವ ನಷ್ಟವನ್ನೂ ಹೊಂದದೆ, ಕೆಲವು ತಲೆಮಾರುಗಳವರೆಗೆ ನಿಷ್ಕ್ರಿಯವಾಗಿದ್ದು ಮತ್ತೆ ಕ್ರಿಯಾವಂತವಾಗುವುದುಂಟು. ಹಾಗಾದರೆ ನಡುವೆ ಕಂಡ ಮೌನವು ಏತರಿಂದ ಬಂದಿತು? ಈ ಪ್ರಶ್ನೆಗೆ ಉತ್ತರವು ೧೯೮೦ರ ದಶಕದಲ್ಲಿ ತೋರತೊಡಗಿತು.

ಗೊಟಗೋಡಿಯ ಸುತ್ತ ಬೆಳೆಯುವ ಹಳದಿಯ ತಳಿಗಳಲ್ಲಿ ಇಂತಹ ಚುಕ್ಕೆಗಳು ಕಾಣಬರುವುದಿಲ್ಲ. ಆದರೂ ಸಂಚಾರಿ ಖಂಡಗಳು ಅವುಗಳ ಕಾಳುಕಾಳಿನಲ್ಲಿಯೂ ಇವೆ. ೨೦೦೯ರಲ್ಲಿ ಗೋವಿನಜೋಳದ ಸುಮಾರು ೨೩೦ ಕೋಟಿ ಅಕ್ಷರಗಳ ಪಾಠವನ್ನು ಓದಿ ಮುಗಿಸಿದಾಗ ಅದರಲ್ಲಿ ನೂರಕ್ಕೆ ೮೫ರಷ್ಟು ಭಾಗವು ಇಂತಹ ಖಂಡಗಳಿಂದಾದುದೆಂದು ತಿಳಿಯಿತು. ಮನುಷ್ಯನ ಪಾಠದಲ್ಲಿಯೂ ಸುಮಾರು ಅರ್ಧದಷ್ಟು ಇವುಗಳದೇ.

೩

ಇಲ್ಲಿ ಶಂಕೆಯೊಂದು ಏಳುತ್ತದೆ. ಪ್ರಕ್ಷಿಪ್ತವೆಂದು ತಿಳಿದ ಮೇಲೆ ಕೋಶವು ಅದನ್ನು ಕಿತ್ತುಹಾಕಬಾರದೇಕೆ? ಕಿತ್ತುಹಾಕುವ ಜೀವಿಗಳೂ ಇಲ್ಲದಿಲ್ಲ. ಟೆಟ್ರಾಹೈಮಿನ ಎಂಬ ಏಕಕೋಶಜೀವಿಯು ತನ್ನ ದೈನಂದಿನ ವ್ಯವಹಾರದ ಕೇಂದ್ರದಿಂದ ಸಾವಿರಾರು ಖಂಡಗಳನ್ನು ಕತ್ತರಿಸಿ ತೆಗೆಯುತ್ತದೆ. ಆದರೆ ಸಂತತಿಗಾಗಿ ಕಾದಿಟ್ಟ ಇನ್ನೊಂದು ಕೇಂದ್ರದಲ್ಲಿ ಪೂರ್ಣಪಾಠವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಇದು ಅಪವಾದ. ಗಿಡಗಳಲ್ಲಿಯೂ ಮನುಷ್ಯಾದಿ ಪ್ರಾಣಿಗಳಲ್ಲಿಯೂ ಕಾಣುವ ಉತ್ಸರ್ಗವಿಧಿಯು ಬೇರೆ. ಲಕ್ಷಗಟ್ಟಲೆ ಎಡೆಗಳಲ್ಲಿ ನೂಲನ್ನು ಕಡಿದು ಜೋಡಿಸಹೋದರೆ ಮೂಲಪಾಠವೇ ಕೆಡುವ ಅಪಾಯವಿದೆ. ಆದುದರಿಂದ ಅಲ್ಲಿ ಕೋಶವು ಖಂಡವನ್ನು ಇದ್ದಲ್ಲಿಯೇ ಬಿಟ್ಟು, ಓದಬಾರದೆಂಬ ಗುರುತನ್ನು ಅದಕ್ಕೆ ಹಾಕುತ್ತದೆ. ಓದಲ್ಪಡದ ಖಂಡವು ಚಲಿಸಲಾರದು. ಈ ಗುರುತಿನ ಕಾರ್ಯವು ಮೂರು ವಿಧದಿಂದ ನಡೆಯುತ್ತದೆ.

ಮೊದಲನೆಯದು ಅಕ್ಷರದ ಮೇಲಣ ಗುರುತು. ಸೈಟೋಸಿನ್ ಎಂಬ ಅಕ್ಷರಕ್ಕೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಳ್ಳುತ್ತದೆ. ಇದರಿಂದ ಅಕ್ಷರವು ಬೇರೆ ಅಕ್ಷರವಾಗುವುದಿಲ್ಲ, ಓದುವ ಯಂತ್ರಕ್ಕೆ ಮಾತ್ರ ತಡೆಯುಂಟಾಗುತ್ತದೆ. ಮೆಕ್‌ಕ್ಲಿಂಟಾಕ್ ಕಂಡಿದ್ದ ಖಂಡಗಳ ನಿದ್ರೆಗೂ ಎಚ್ಚರಕ್ಕೂ ಈ ಗುರುತಿನ ಇರವು ಇಲ್ಲದಿರವುಗಳಿಗೂ ಸಂಬಂಧವುಂಟೆಂದು ಗೋವಿನಜೋಳದಲ್ಲಿಯೇ ಸಿದ್ಧವಾಯಿತು.

ಎರಡನೆಯದು ನೂಲಿನ ಕಟ್ಟು. ಡಿ.ಎನ್.ಎ. ಕೋಶದಲ್ಲಿ ಬಿಡಿಯಾಗಿ ಇರುವುದಿಲ್ಲ. ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟೆಂಟು ಕೂಡಿ ಒಂದೊಂದು ಉಂಡೆಯಾಗಿ, ಪ್ರತಿ ಉಂಡೆಯ ಸುತ್ತಲೂ ೧೪೭ ಅಕ್ಷರಜೋಡಿಗಳಷ್ಟು ನೂಲು ಸುತ್ತಿಕೊಂಡಿರುತ್ತದೆ. ನೂಲೂ ಉಂಡೆಗಳೂ ಕೂಡಿದ ಈ ರಚನೆಗೆ ಕ್ರೊಮ್ಯಾಟಿನ್ ಎಂದು ಹೆಸರು. ಅದರಲ್ಲಿ ಸಡಿಲವಾದ ಭಾಗವನ್ನು ಓದಬಹುದು, ಬಿಗಿದ ಭಾಗವನ್ನು ಓದಲಾಗದು. ಈ ಎರಡು ಬಗೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಬಿಗಿದುದಕ್ಕೆ ೧೯೨೮ರಲ್ಲಿ ‘ಹೆಟರೊಕ್ರೊಮ್ಯಾಟಿನ್’ ಎಂಬ ಹೆಸರನ್ನಿಟ್ಟವರು ಜರ್ಮನಿಯ ಎಮಿಲ್ ಹೈಟ್ಸ್. ಹಿಸ್ಟೋನಿನ ಬಾಲದಲ್ಲಿ ಗೊತ್ತಾದ ಸ್ಥಾನಕ್ಕೆ ಮಿಥೈಲ್ ಸೇರಿದರೆ ಕಟ್ಟು ಬಿಗಿಯಾಗುವುದು. ಅಸಿಟೈಲ್ ಎಂಬ ಗುಂಪು ಸೇರಿದರೆ ಸಡಿಲವಾಗುವುದು. ಗಿಡಗಳಲ್ಲಿ ಹಿಸ್ಟೋನಿನ ಗುರುತು ಅಕ್ಷರದ ಗುರುತನ್ನು ಕರೆತರುತ್ತದೆ, ಅಕ್ಷರದ ಗುರುತು ಹಿಸ್ಟೋನಿನದನ್ನು ಕರೆತರುತ್ತದೆ. ಹೀಗೆ ಅವೆರಡೂ ಪರಸ್ಪರ ಪೋಷಕವಾಗಿವೆ.

ಮೂರನೆಯದು ಪರಿಚಯಸಾಧನ. ಗುರುತು ಹಾಕುವುದಕ್ಕೆ ಮುಂಚೆ ಪ್ರಕ್ಷಿಪ್ತವಾವುದೆಂದು ತಿಳಿಯಬೇಕಷ್ಟೆ. ಅದನ್ನು ತಿಳಿಸುವುವು ಕಿರಿದಾದ ಆರ್.ಎನ್.ಎ. ತುಣುಕುಗಳು. ಗಿಡದ ಕೋಶವು ಖಂಡದ ಆರ್.ಎನ್.ಎ. ನಕಲಿಗೆ ಪ್ರತಿಜೋಡಿಯನ್ನು ಕಟ್ಟಿ, ಆ ಎರಡೆಳೆಯನ್ನು ೨೪ ಅಕ್ಷರಗಳ ತುಣುಕುಗಳನ್ನಾಗಿ ಕತ್ತರಿಸುತ್ತದೆ. ಆ ತುಣುಕುಗಳು ತಮಗೆ ಸರಿಹೊಂದುವ ಪಂಕ್ತಿಯನ್ನು ಹುಡುಕಿ, ಗುರುತು ಹಾಕುವ ಕಿಣ್ವಗಳನ್ನು ಅಲ್ಲಿಗೆ ಒಯ್ಯುತ್ತವೆ. ಬಹುಪ್ರತಿಯಾಗಿ ಹರಡುವುದೇ ಸಂಚಾರಿ ಖಂಡದ ಬಲ. ಒಂದು ಪ್ರತಿಯಿಂದ ಹುಟ್ಟಿದ ತುಣುಕು ಅದೇ ಅಂಕಿತವುಳ್ಳ ಎಲ್ಲ ಪ್ರತಿಗಳನ್ನೂ ಹಿಡಿಯುವುದರಿಂದ ಆ ಬಲವೇ ಅದಕ್ಕೆ ಬಂಧನವಾಗುತ್ತದೆ. ಹಣ್ಣುನೊಣದಲ್ಲಿ ಹಿಂದೆ ನುಗ್ಗಿದ್ದ ಖಂಡಗಳ ಚೂರುಗಳು ಕೆಲವು ಎಡೆಗಳಲ್ಲಿ ಸಂಗ್ರಹವಾಗಿವೆಯೆಂದೂ, ಹೊಸದಾಗಿ ಚಲಿಸುವ ಖಂಡಗಳನ್ನು ಆ ಸಂಗ್ರಹದ ನೆರವಿನಿಂದ ಕೋಶವು ಗುರುತಿಸುವುದೆಂದೂ ೨೦೦೭ರಲ್ಲಿ ತಿಳಿದುಬಂದಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಪಿ. ವಿ. ಶಿವಪ್ರಸಾದರ ಬಳಗವು ಭತ್ತದ ಕಿರು ಆರ್.ಎನ್.ಎ.ಗಳನ್ನು ಕುರಿತು ಸಂಶೋಧನೆ ನಡೆಯಿಸಿದೆ.

೪

ಗುರುತನ್ನು ಒಮ್ಮೆ ಹಾಕಿದರೆ ಸಾಲದು. ಕೋಶವು ಇಬ್ಭಾಗವಾಗುವಾಗ ಪಾಠವು ಪೂರ್ತಿಯಾಗಿ ನಕಲಾಗುತ್ತದೆ. ಹೊಸ ಎಳೆಯಲ್ಲಿ ಅಕ್ಷರಗಳಿರುತ್ತವೆ, ಗುರುತುಗಳಿರುವುದಿಲ್ಲ. ಹಳೆಯ ಎಳೆಯ ಗುರುತನ್ನು ನೋಡಿ ಹೊಸ ಎಳೆಗೂ ಹಾಕುವ ಕಿಣ್ವವಿರಬೇಕೆಂದು ೧೯೭೫ರಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಇವರೂ, ಪ್ರತ್ಯೇಕವಾಗಿ ಆರ್ಥರ್ ರಿಗ್ಸ್ ಅವರೂ ಊಹಿಸಿದರು. ಅಂತಹ ಕಿಣ್ವವು ಅನಂತರ ದೊರೆಯಿತು. ಓಲೆಯನ್ನು ಪ್ರತಿ ಮಾಡುವವನು ಮೂಲದ ಅಂಚಿನ ಚಿಹ್ನೆಗಳನ್ನೂ ತಪ್ಪದೆ ಬರೆದುಕೊಳ್ಳುವಂತೆ ಇದೂ ನಡೆಯುತ್ತದೆ. ಅವನು ಒಂದು ಸಲ ಮರೆತರೆ ಮುಂದಿನ ಪ್ರತಿಗಳಲ್ಲೆಲ್ಲ ಪ್ರಕ್ಷಿಪ್ತವು ಮೂಲವಾಗಿಯೇ ನಿಲ್ಲುವುದಷ್ಟೆ.

ಸಂತಾನೋತ್ಪತ್ತಿಯ ಕೋಶಗಳಲ್ಲಿ ಕಟ್ಟು ಇನ್ನೂ ಹೆಚ್ಚಾಗಿ ಬದಲಾಗುತ್ತದೆ. ಸಸ್ತನಿಗಳ ವೀರ್ಯಾಣು ಪಕ್ವವಾಗುವಾಗ ಹಿಸ್ಟೋನುಗಳಲ್ಲಿ ಬಹುಪಾಲು ತೆರಳಿ, ಅವುಗಳ ಎಡೆಗೆ ಮೊದಲು ಸಂಕ್ರಮಣ ಪ್ರೋಟೀನುಗಳೂ ಬಳಿಕ ಪ್ರೋಟಮಿನುಗಳೂ ಬರುತ್ತವೆ. ಈ ಸಂಕ್ರಮಣವನ್ನು ದೀರ್ಘಕಾಲ ಅಭ್ಯಾಸಮಾಡಿದವರು ಮೈಸೂರಿನಲ್ಲಿ ಜನಿಸಿದ ಎಂ. ಆರ್. ಎಸ್. ರಾವ್ (೧೯೪೮–೨೦೨೩). ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಕ್ರೊಮ್ಯಾಟಿನ್ ಸಂಶೋಧನೆಯನ್ನು ಬೆಳೆಯಿಸಿದರು.

ಗುರುತು ತಪ್ಪಿದರೆ ಏನಾಗುವುದೆಂಬುದಕ್ಕೆ ತಾಳೆಎಣ್ಣೆಯ ಮರವು ದೃಷ್ಟಾಂತವಾಗಿದೆ. ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿಯೂ ಬೆಳೆಯುವ ಈ ಮರದ ಉತ್ತಮ ತಳಿಗಳನ್ನು ಪ್ರಯೋಗಶಾಲೆಯಲ್ಲಿ ಅಂಗಾಂಶದಿಂದ ಬೆಳೆಯಿಸಿದಾಗ ಕೆಲವು ಸಸಿಗಳು, ನೆಟ್ಟು ವರ್ಷಗಳಾದ ಮೇಲೆ, ಎಣ್ಣೆ ಕಡಿಮೆಯಾದ ವಿಕೃತ ಹಣ್ಣುಗಳನ್ನು ಬಿಡುತ್ತಿದ್ದುವು. ತಾಯಿಮರದ ಅಕ್ಷರಗಳಿಗೂ ಇವುಗಳ ಅಕ್ಷರಗಳಿಗೂ ಭೇದವಿರಲಿಲ್ಲ. ಹೂವಿನ ಅಂಗಗಳನ್ನು ನಿಯಮಿಸುವ ಜೀನಿನೊಳಗೆ ನೆಲಸಿದ್ದ ‘ಕರ್ಮ’ ಎಂಬ ಸಂಚಾರಿ ಖಂಡವು ತನ್ನ ಮಿಥೈಲ್ ಗುರುತನ್ನು ಕಳೆದುಕೊಂಡುದೇ ಕಾರಣವೆಂದು ಮಲೇಷ್ಯದ ಸಂಶೋಧಕರು ಸಂಗಡಿಗರೊಡನೆ ೨೦೧೫ರಲ್ಲಿ ತೋರಿಸಿದರು. ಗುರುತಿದ್ದ ಸ್ಥಿತಿಗೆ ಸತ್ಕರ್ಮವೆಂದೂ ತಪ್ಪಿದುದಕ್ಕೆ ದುಷ್ಕರ್ಮವೆಂದೂ ಅರ್ಥ ಬರುವ ಹೆಸರುಗಳನ್ನು ಅವರು ಇಟ್ಟರು. ಬೇಸಾಯಗಾರನ ಹಲವು ವರ್ಷಗಳ ದುಡಿಮೆಯು ಕಣ್ಣಿಗೆ ಕಾಣದ ಈ ಗುರುತನ್ನು ಅವಲಂಬಿಸಿದೆ. ಎಳೆಯ ಸಸಿಯಲ್ಲಿಯೇ ಅದನ್ನು ಪರೀಕ್ಷಿಸುವ ಮಾರ್ಗವು ಈ ಶೋಧದಿಂದ ತೆರೆಯಿತು. ಮನುಷ್ಯರಲ್ಲಿಯೂ ಸಂಚಾರಿ ಖಂಡವೊಂದು ರಕ್ತ ಹೆಪ್ಪುಗಟ್ಟಿಸುವ ಜೀನಿನೊಳಗೆ ಹೊಕ್ಕು ಹಿಮೋಫಿಲಿಯ ರೋಗವನ್ನು ಉಂಟುಮಾಡಿದ ಪ್ರಸಂಗವು ೧೯೮೮ರಲ್ಲಿ ವರದಿಯಾಯಿತು. ಅರ್ಬುದಕೋಶಗಳಲ್ಲಿ ಅನೇಕ ಕಡೆ ಮಿಥೈಲ್ ಗುರುತುಗಳು ಕಡಿಮೆಯಾಗಿರುವುದೂ ೧೯೮೩ರಿಂದ ತಿಳಿದ ವಿಷಯ.

೫

ಇನ್ನು ನಿಯಮನದ ವಿಚಾರ. ಖಂಡವನ್ನು ಅಡಗಿಸುವ ಕಟ್ಟು ಕೆಲವೊಮ್ಮೆ ನೆರೆಯ ಜೀನಿನ ಮೇಲೆಯೂ ಹಬ್ಬುತ್ತದೆ. ಆಗ ಆ ಜೀನಿನ ವಾಚನವೂ ಕುಗ್ಗುವುದು. ಯಾವ ಅಂಗದಲ್ಲಿ ಯಾವ ಜೀನು ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಗೊತ್ತುಮಾಡಲು ಕೋಶವು ಇವೇ ಸಾಧನಗಳನ್ನು ಬಳಸುತ್ತದೆ. ಹೆಣ್ಣು ಸಸ್ತನಿಗಳಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಅಡಗುವುದೆಂದು ೧೯೬೧ರಲ್ಲಿ ಮೇರಿ ಲಯನ್ ಸೂಚಿಸಿದ ವಿಷಯವೂ ಇಂತಹ ಕಟ್ಟಿನಿಂದಲೇ ನಡೆಯುತ್ತದೆ.

ಕೆಲವು ಪ್ರಕ್ಷಿಪ್ತಗಳಂತೂ ಪಾಠಕ್ಕೆ ಅವಶ್ಯವೇ ಆಗಿಬಿಟ್ಟಿವೆ. ಗೋವಿನಜೋಳದ ಪೂರ್ವಜವಾದ ಟಿಯೊಸಿಂಟೆ ಎಂಬ ಮೆಕ್ಸಿಕೋದ ಹುಲ್ಲು ಹಲವು ಕವಲೊಡೆದು ಬೆಳೆಯುವುದು. ಕವಲನ್ನು ತಡೆಯುವ ಜೀನಿಗೆ ಸುಮಾರು ೬೦ ಸಾವಿರ ಅಕ್ಷರಗಳ ಆಚೆ ಸಂಚಾರಿ ಖಂಡವೊಂದು ಬಂದು ಸೇರಿ ಆ ಜೀನಿನ ವಾಚನವನ್ನು ಬಲಪಡಿಸಿತೆಂದೂ, ಒಂದೇ ದಂಟಾಗಿ ನಿಲ್ಲುವ ಈ ಪೈರಿನ ರೂಪಕ್ಕೆ ಅದು ಕಾರಣಗಳಲ್ಲೊಂದೆಂದೂ ೨೦೧೧ರಲ್ಲಿ ಸಿದ್ಧವಾಯಿತು. ಎಂದೋ ಸೇರಿಕೊಂಡ ತುಂಡೊಂದರ ಫಲವು ಗೊಟಗೋಡಿಯ ಹೊಲದ ಸಾಲುಸಾಲಿನಲ್ಲಿಯೂ ನೆಟ್ಟಗೆ ನಿಂತಿದೆ. ಪ್ರಕ್ಷಿಪ್ತಗಳನ್ನೆಲ್ಲ ಮೊದಲೇ ಕಿತ್ತುಹಾಕಿದ್ದರೆ ಇದು ಒದಗುತ್ತಿರಲಿಲ್ಲ.

ಲೋಪವೆಂದರೆ ಕಾಣಿಸದಿರುವಿಕೆಯೇ ಹೊರತು ಇಲ್ಲದಿರುವಿಕೆಯಲ್ಲವೆಂದು ವೈಯಾಕರಣರು ಸ್ಥಾಪಿಸಿದ್ದಾರೆ. ಲುಪ್ತವಾದ ಪ್ರತ್ಯಯವು ತಾನು ಕಾಣದಿದ್ದರೂ ತನ್ನಿಂದ ಆಗಬೇಕಾದ ಕಾರ್ಯವನ್ನು ನಡೆಯಿಸುವುದುಂಟು. ಜೀವಕೋಶದ ಮೌನವು ಈ ಲೋಪಕ್ಕೆ ಹತ್ತಿರವಾದುದು. ಭೇದವಿಷ್ಟೆ: ಶಾಸ್ತ್ರದಲ್ಲಿ ಸೂತ್ರವು ಒಮ್ಮೆ ವಿಧಿಸಿದ ಲೋಪವು ನಿತ್ಯವಾಗಿರುವುದು, ಕೋಶದಲ್ಲಿಯಾದರೋ ಅದನ್ನು ಪ್ರತಿಯೊಂದು ವಿಭಜನೆಯಲ್ಲಿಯೂ ಮರಳಿ ವಿಧಿಸಬೇಕಾಗಿದೆ.