ಏಳು ಹೆಜ್ಜೆಯ ಮಾಸ್ತರರು

ಗುರುವಿನ ಕಠಿಣತನವನ್ನು ನೆನೆದು ಹಿಗ್ಗುವ ವಾಡಿಕೆ ಸಂಗೀತಗಾರರಲ್ಲಿ ಮೊದಲಿನಿಂದಲೂ ಉಂಟು. ನಮ್ಮ ಕಾಗವಾಡದ ಗಡಿಯನ್ನು ದಾಟಿದೊಡನೆ ಸಿಗುವ ಮಿರಜ ಪಟ್ಟಣವಂತೂ ಇಂಥ ಕಥೆಗಳ ತವರು. ಗ್ವಾಲಿಯರ ಗಾಯಕಿಯನ್ನು ಈ ಸೀಮೆಗೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರು ಅಲ್ಲಿ ಶಿಷ್ಯರನ್ನು ತಿದ್ದಿದರು. ಅವರ ಕೈಯಲ್ಲಿ ಪಳಗಿದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅಬ್ದುಲ್ ಕರೀಮಖಾನರು ನೆಲೆಸಿದುದೂ ಮಿರಜೆಯಲ್ಲಿಯೇ. ಇವರನ್ನೆಲ್ಲ ಕುರಿತು ಗ್ರಂಥಗಳುಂಟು, ಪುಣ್ಯತಿಥಿಗಳುಂಟು. ಆದರೆ ಊರೂರ ಸಾಲೆಗಳಲ್ಲಿ ಹುಡುಗರ ಕೈಗೆ ಕೋಲು ಕೊಟ್ಟು, ಸಾಲಾಗಿ ನಿಲ್ಲಿಸಿ, ಅವರಿಂದ ಒಂದೇ ನಾದವನ್ನು ಹೊರಡಿಸಿದ ಮಾಸ್ತರರನ್ನು ಕುರಿತು ಬರೆದವರು ವಿರಳ. ಘರಾಣೆಯ ಗುರುವಿಗೆ ಶಿಷ್ಯನನ್ನು ಆರಿಸಿಕೊಳ್ಳುವ ಅಧಿಕಾರವಿತ್ತು. ಕಂಠವಿಲ್ಲದವನನ್ನು ಅವನು ಹಿಂದಕ್ಕೆ ಕಳುಹಬಹುದಾಗಿತ್ತು. ಸಾಲೆಯ ವಾದ್ಯದ ಮಾಸ್ತರರಿಗೆ ಅಂಥ ಭಾಗ್ಯವಿಲ್ಲ. ಬಂದ ನಾಲ್ವತ್ತು ಹುಡುಗರೇ ಅವರ ಪಾಲಿನ ಪ್ರಪಂಚ. ಅದರಲ್ಲಿ ಒಂದು ಕೈ ತಪ್ಪಿದರೂ ಉಳಿದ ಮೂವತ್ತೊಂಬತ್ತು ಕೈಗಳ ಶ್ರಮ ಹಾಳು. ಇಂಥ ಒಬ್ಬರನ್ನು ನಾನು ಬಲ್ಲೆ. ಅವರ ಕಠಿಣತನಕ್ಕೆ ಇದ್ದ ಕಾರಣವು ಸಂಗೀತಕ್ಕಿಂತ ಸ್ವಲ್ಪ ದೊಡ್ಡದಾಗಿತ್ತೆಂದು ಈಗ ನನಗೆ ತೋರುತ್ತದೆ.

ನಮ್ಮ ಸೀಮೆಯಲ್ಲಿ ಚರ್ಮವಾದ್ಯಗಳಿಗೆ ಬಡತನವಿಲ್ಲ. ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ನೆರೆದಾಗ ಭಂಡಾರದ ಹಳದಿಯ ನಡುವೆ ಡೊಳ್ಳಿನ ಸದ್ದು ತುಂಬಿ ನಿಲ್ಲುತ್ತದೆ. ಚಿಕ್ಕೋಡಿ ತಾಲೂಕಿನ ಯಡೂರಿನ ವೀರಭದ್ರನ ಮುಂದೆ ಪುರವಂತರ ಒಡಪಿಗೆ ವಾದ್ಯದವರು ಗತಿ ಕೊಡುತ್ತಾರೆ. ಗೊಂದಲಿಗರ ಸಂಬಾಳ, ಜೋಗತಿಯರ ಚೌಡಿಕೆ, ಮದುವೆಯ ಕರಡಿ ಮಜಲು, ಮೊಹರಮ್ಮಿನ ತಾಶೆ, ಒಂದೊಂದಕ್ಕೂ ಅದರದೇ ನಡೆ, ಅದರದೇ ದೈವ. ನಿಪ್ಪಾಣಿಯ ಕಡೆಗಂತೂ ಝಾಂಜ್ ಪಥಕವಿಲ್ಲದೆ ಗಣಪತಿಯ ಮೆರವಣಿಗೆ ಹೊರಡುವುದಿಲ್ಲ. ಆದುದರಿಂದ ಸಾಲೆಗೆ ಬರುವ ಮೊದಲೇ ಹುಡುಗರ ಕಿವಿಯಲ್ಲಿ ಹತ್ತು ಬಗೆಯ ಲಯ ನೆಲೆಸಿರುತ್ತಿತ್ತು. ಇದ್ದ ತೊಂದರೆಯೆಂದರೆ ಅವು ಹತ್ತು ಓಣಿಗಳ ಲಯಗಳು. ಒಂದು ಓಣಿಯದು ಇನ್ನೊಂದು ಓಣಿಯ ಕೈಗೆ ಬರುವಂತಿರಲಿಲ್ಲ.

1993ರ ಸುಮಾರಿಗೆ ನಮ್ಮ ಪ್ರೌಢಶಾಲೆಗೆ ವಾರಕ್ಕೆ ಎರಡು ದಿನ ಈ ಮಾಸ್ತರರು ಬರತೊಡಗಿದರು. ಸೈನ್ಯದ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿ ನಿವೃತ್ತರಾದವರು. ಶೇಡಬಾಳದ ಕಡೆಯವರು, ಮಿರಜೆಯಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದು, ಸ್ಟೇಶನ್ನಿನಿಂದ ಸಾಲೆಯವರೆಗೆ ನಡೆದೇ ಬರುವರು. ನಡೆಯುವಾಗಲೂ ಅವರ ಬೆರಳುಗಳು ತೊಡೆಯ ಮೇಲೆ ಏನನ್ನೋ ಎಣಿಸುತ್ತಿದ್ದವು. ಸಣ್ಣ ದೇಹ, ಕತ್ತರಿಸಿದ ಮೀಸೆ, ಇಸ್ತ್ರಿಯಿಲ್ಲದಿದ್ದರೂ ಕಲೆಯಿಲ್ಲದ ಅಂಗಿ. ಗಾಡಿ ತಡವಾದರೆ ಅವರು ತಡವಾಗುವರು. ಆದರೆ ನಾವು ತಡವಾಗಕೂಡದು. ಮೈದಾನಕ್ಕೆ ಅವರು ಕಾಲಿಟ್ಟಾಗ ನಾಲ್ಕು ಸಾಲುಗಳು ನಿಂತಿರಬೇಕು.

ಮೊದಲ ಒಂದು ತಿಂಗಳು ಅವರು ನಮಗೆ ವಾದ್ಯವನ್ನು ಮುಟ್ಟಗೊಡಲಿಲ್ಲ. ಅಂಗೈಯಿಂದ ತೊಡೆಯ ಮೇಲೆ ಬಾರಿಸಬೇಕು, ಬಾಯಿಂದ ಎಣಿಸಬೇಕು, ಪಕ್ಕದವನ ಕೈ ಕೇಳಬೇಕು. ಯಾರಾದರೂ ಜೋರು ಮಾಡಿದರೆ ಹತ್ತಿರ ಬಂದು, ಬೈಯದೆ, ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿಬಿಡುವರು. “ಬಾರಸೂದು ಯಾರಿಗರೆ ಬರ್ತೈತಿ ತಮ್ಮಾ, ಬಾರಸದ ನಿಂದ್ರೂದು ಕಲಿ” ಎನ್ನುವರು. ನನ್ನ ಪಾಲಿಗೆ ಬಂದದ್ದು ಝಾಂಜ್. ಸುತ್ತು ಮುಗಿದು ಸಮ ಬಂದಾಗ ಒಂದೇ ಪೆಟ್ಟು. ಉಳಿದ ಹೊತ್ತೆಲ್ಲ ಎರಡು ಹಿತ್ತಾಳೆಯ ತಟ್ಟೆಗಳನ್ನು ಹಿಡಿದು ಕಾಯುವುದು. ಹದಿಮೂರು ವಯಸ್ಸಿನ ಹುಡುಗನಿಗೆ ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ಬೇರೊಂದಿಲ್ಲ. ಮಳೆಯಿರಲಿ, ಬಿಸಿಲಿರಲಿ, ಒಂದು ಸುತ್ತು ಕೆಟ್ಟರೆ ಮೈದಾನದ ಆ ತುದಿಯಿಂದ ಮತ್ತೆ ಹೊರಡಬೇಕು. ಕೆಡಿಸಿದವನ ಹೆಸರನ್ನು ಮಾತ್ರ ಅವರು ಎಂದೂ ಹೇಳುತ್ತಿರಲಿಲ್ಲ. “ಕೆಟ್ಟಿತು” ಎಂದಷ್ಟೇ ಅನ್ನುವರು, ಎಲ್ಲರೂ ಕೂಡಿ ಕೆಡಿಸಿದೆವೆಂಬಂತೆ.

ಅವರ ಮುಖ್ಯವಾದ ಹಟವೊಂದಿತ್ತು. ಕವಾಯತಿನ ನಡಿಗೆಯು ಎರಡರ ಲೆಕ್ಕದ್ದು: ಎಡ, ಬಲ. ಆದುದರಿಂದ ಎಲ್ಲ ಸಾಲೆಯ ಬ್ಯಾಂಡುಗಳೂ ನಾಲ್ಕು ಇಲ್ಲವೆ ಎಂಟು ಮಾತ್ರೆಗಳಲ್ಲಿ ಬಾರಿಸುತ್ತವೆ; ಸಮವು ಯಾವಾಗಲೂ ಎಡಗಾಲಿನ ಮೇಲೆಯೇ ಬೀಳುತ್ತದೆ. ನಮ್ಮ ಮಾಸ್ತರರು ಎಂಟನ್ನು ಕಲಿಸಿ ಮುಗಿಸಿದ ಮೇಲೆ ಏಳನ್ನು ತೆಗೆದರು: ಮೂರು, ನಾಲ್ಕು, ಮೂರು, ನಾಲ್ಕು. ಹಿಂದುಸ್ತಾನಿಯ ರೂಪಕ ತಾಳದ ಏಳು ಮಾತ್ರೆ. ಏಳು ಬೆಸಸಂಖ್ಯೆಯಾದ್ದರಿಂದ ಒಂದು ಸುತ್ತಿನ ಮೊದಲ ಪೆಟ್ಟು ಎಡಗಾಲಿನ ಮೇಲೆ ಬಿದ್ದರೆ ಮುಂದಿನ ಸುತ್ತಿನದು ಬಲಗಾಲಿನ ಮೇಲೆ ಬೀಳುತ್ತದೆ. ಕಾಲನ್ನು ನಂಬಿ ಬಾರಿಸುವವನು ಎರಡನೆಯ ಸುತ್ತಿಗೇ ಕೆಟ್ಟ. ಕಿವಿಯನ್ನೇ ನಂಬಬೇಕು, ಜೊತೆಯವರನ್ನೇ ನಂಬಬೇಕು. ಇಡೀ ಮಳೆಗಾಲ ನಾವು ಎಡವಿದೆವು. ದೀಪಾವಳಿಯ ರಜೆ ಮುಗಿದ ಮೇಲೆ ಒಂದು ಸಂಜೆ ಮೈದಾನದ ಉದ್ದಕ್ಕೂ ಏಳು ಕೆಡದೆ ನಡೆಯಿತು. ಮಾಸ್ತರರು ಹೊಗಳಲಿಲ್ಲ, ರುಮಾಲಿನಿಂದ ಮುಖ ಒರೆಸಿಕೊಂಡು ಗಾಡಿಯ ಹೊತ್ತಾಯಿತೆಂದು ಹೊರಟುಹೋದರು.

ಈ ಏಳಕ್ಕೆ ಸಮವನ್ನು ಹಿಡಿದು ನಿಲ್ಲುವ ವಾದ್ಯವಾಗಿ ಅವರು ಆರಿಸಿದ್ದು ಹಲಗಿಯನ್ನು. ಇಲ್ಲಿಯೇ ನಿಜವಾದ ಕಷ್ಟವಿತ್ತು. ಹಲಗಿಯೆಂದರೆ ಒಂದು ಬಳೆ, ಅದಕ್ಕೆ ಬಿಗಿದ ತೊಗಲು, ಒಂದು ಕೈಗೆ ದಪ್ಪನೆಯ ಗಿಡ್ಡ ಕೋಲು, ಇನ್ನೊಂದಕ್ಕೆ ತೆಳ್ಳನೆಯ ಉದ್ದ ಕಡ್ಡಿ. ಇಷ್ಟು ಸರಳವಾದ ವಾದ್ಯವನ್ನು ನಮ್ಮ ಸಮಾಜವು ಒಂದು ಕೇರಿಯ ಕೊರಳಿಗೆ ಕಟ್ಟಿಬಿಟ್ಟಿತು. ಡಂಗುರಕ್ಕೆ, ಜಾತ್ರೆಗೆ, ಹೆಣದ ಮುಂದೆ ಅವರೇ ಬಾರಿಸಬೇಕು. ಬಾರಿಸಿ ಹೊರಗೆ ನಿಲ್ಲಬೇಕು. ಇಂಥ ಬಿಟ್ಟಿ ಚಾಕರಿಯನ್ನು ತೊರೆಯಬೇಕೆಂಬ ಎಚ್ಚರವು ಈ ಸೀಮೆಗೆ ಬಹು ಮುಂಚೆ ಬಂದಿತು. 1920ರಲ್ಲಿ ಕೊಲ್ಲಾಪುರ ಸಂಸ್ಥಾನದ ಮಾಣಗಾವಿಯಲ್ಲಿ ಶಾಹು ಮಹಾರಾಜರೂ ಡಾ. ಅಂಬೇಡಕರರೂ ಕೂಡಿದ ಪರಿಷತ್ತು ನಡೆಯಿತು. 1925ರಲ್ಲಿ ಅಂಬೇಡಕರರ ನೇತೃತ್ವದಲ್ಲಿ ನಿಪ್ಪಾಣಿಯಲ್ಲಿಯೇ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ಸೇರಿತು. ಹಲಗಿಯನ್ನು ಕೆಳಗಿಡುವುದೇ ಸ್ವಾಭಿಮಾನದ ಗುರುತಾದದ್ದು ಸಹಜವಾಗಿತ್ತು.

ಆದುದರಿಂದ ಮಾಸ್ತರರು ಹಲಗಿಯನ್ನು ಹೊರತೆಗೆದ ಮರುದಿನವೇ ಆ ಕೇರಿಯ ಒಬ್ಬ ಹುಡುಗನ ತಂದೆ ಸಾಲೆಗೆ ಬಂದರು. “ನಮ್ಮಪ್ಪ ಬಾರಿಸಿ ಬಾರಿಸಿ ಕೈ ಸವಿಸಿಕೊಂಡಾನ್ರಿ ಸರ್. ಬ್ಯಾರೆ ಏನರೆ ಕೊಡ್ರಿ, ನನ್ನ ಮಗಗ ಹಲಗಿ ಮಾತ್ರ ಬ್ಯಾಡ್ರಿ” ಎಂದರು. ಕಲೆಯ ಹಿರಿಮೆಯನ್ನು ಕುರಿತು ಉಪದೇಶ ಮಾಡಲು ಅದು ತಕ್ಕ ಸಮಯವೆಂದು ಬೇರೆ ಯಾರಾದರೂ ಭಾವಿಸುತ್ತಿದ್ದರು. ಮಾಸ್ತರರು “ಖರೇ ಐತ್ರಿ” ಎಂದಷ್ಟೇ ಹೇಳಿದರು. ಮರುದಿನ ಆ ಹುಡುಗನ ಕೊರಳಿಗೆ ಸಾಲೆಯ ಹೊಸ ಡ್ರಮ್ಮು ಬಂದಿತು. ಹಲಗಿಗಳು ಗೌಡರ ಓಣಿಯ, ಪೇಟೆಯ ಓಣಿಯ ಆರು ಹುಡುಗರ ಕೈಗೆ ಹೋದವು. ಹವೆ ತಂಪಾದರೆ ಹಲಗಿಯ ತೊಗಲು ಸಡಿಲಾಗುತ್ತದೆ. ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಿ ಹದಕ್ಕೆ ತರಬೇಕು. ಆಗಸ್ಟ್ 15ರ ತೊಯ್ದ ಮುಂಜಾವಿನಲ್ಲಿ ಗೌಡರ ಮಗನು ಕಬ್ಬಿನ ರವದಿಯ ಬೆಂಕಿಯ ಮುಂದೆ ಕುಳಿತು ಹಲಗಿ ಕಾಯಿಸುವುದನ್ನು ಊರೆಲ್ಲ ನೋಡಿತು.

ಆ ವರ್ಷ ಊರಿನ ಜಾತ್ರೆಗೆ ಸಾಲೆಯ ತಂಡವನ್ನು ಕರೆಯಬೇಕೆಂದು ಹಿರಿಯರ ಮನಸ್ಸಿಗೆ ಬಂದಿತು. ವಾಡಿಕೆಯಂತೆ ಹಲಗಿಯವರು ಗುಡಿಯ ಕಟ್ಟೆಯ ಕೆಳಗೆ ನಿಲ್ಲಲಿ, ಉಳಿದವರು ಮೇಲೆ ಬರಲಿ ಎಂಬುದು ಅವರ ಮಾತು. ಮಾಸ್ತರರು ಬಹಳ ಮೆಲ್ಲಗೆ ಉತ್ತರಿಸಿದರು: “ಗೌಡ್ರ, ಹಲಗಿ ನಿಮ್ಮ ಮಗನ ಕೊರಳಾಗ ಐತ್ರಿ. ಅಂವನ್ನ ಕೆಳಗ ನಿಂದ್ರಸೂದಾದ್ರ ನಾವೆಲ್ಲಾರೂ ಕೆಳಗ ನಿಂದ್ರತೇವ್ರಿ.” ಹಾಗಾದರೆ ಹಲಗಿಯ ಹುಡುಗರೂ ಮೇಲೆ ಬರಲಿ, ಡ್ರಮ್ಮಿನ ಆ ಒಬ್ಬನು ಮಾತ್ರ ಕೆಳಗಿರಲಿ ಎಂದು ಒಬ್ಬರು ಸೂಚಿಸಿದರು. ಅಲ್ಲಿಗೆ ಒಳಗಿನ ಮಾತು ಹೊರಬಿದ್ದಿತು. ವಾದ್ಯದ ಸೋಗು ಕಳಚಿತು. ಮಾಸ್ತರರು ಎದ್ದು ನಮಸ್ಕರಿಸಿ ಬಂದುಬಿಟ್ಟರು. ಆ ವರ್ಷದ ಮೆರವಣಿಗೆ ಸಾಲೆಯ ತಂಡವಿಲ್ಲದೆಯೇ ನಡೆಯಿತು. ನಾವು ಹುಡುಗರು ಬಹಳ ನಿರಾಶರಾದೆವು. ಹೊಸ ಟೋಪಿಗಳನ್ನು ಹೊಲಿಸಿಕೊಂಡಿದ್ದೆವು. ಮರುವರ್ಷ ಕರೆ ಮತ್ತೆ ಬಂದಿತು, ಷರತ್ತಿಲ್ಲದೆ. ನಾಲ್ವತ್ತು ಮಂದಿಯೂ ಏಳರ ನಡೆಯಲ್ಲಿ ಕಟ್ಟೆಯನ್ನು ಹತ್ತಿದೆವು. ಅದರಿಂದ ಊರಿನ ಎಲ್ಲ ಬಾಗಿಲುಗಳೂ ತೆರೆದುವೆಂದು ನಾನು ಹೇಳಲಾರೆ. ಒಂದು ಕಟ್ಟೆಯ ಮೆಟ್ಟಿಲು ಮಾತ್ರ ಸವೆಯಿತು.

ಮಾಸ್ತರರ ತಂದೆಯೂ ತಮ್ಮ ಊರಿನಲ್ಲಿ ಹಲಗಿ ಬಾರಿಸಿ ಹೊರಗೆ ನಿಂತವರೇ ಎಂಬುದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಆ ಹುಡುಗನ ತಂದೆಗೆ ಅವರು ಹೇಳಿದ “ಖರೇ ಐತ್ರಿ” ಎಂಬ ಎರಡು ಮಾತುಗಳ ತೂಕ ಆಗ ನನಗೆ ಗೊತ್ತಾಯಿತು.

ಈಗ ನಮ್ಮ ಕಡೆಯ ಮೆರವಣಿಗೆಗಳಲ್ಲಿ ಧ್ವನಿವರ್ಧಕಗಳ ಗಾಡಿ ಮುಂದಾಗಿ ಹೊರಡುತ್ತದೆ. ಅದಕ್ಕೆ ಕಾಯಬೇಕಾದ ಕೈಗಳಿಲ್ಲ. ಹಾಗೆಂದು ಎಲ್ಲವೂ ಮುಗಿದಿಲ್ಲ. ಝಾಂಜ್ ಪಥಕಗಳಲ್ಲಿ ಹೆಣ್ಣುಮಕ್ಕಳು ಡೋಲು ಹೊತ್ತು ಬಾರಿಸುತ್ತಾರೆ. ಕಾಲೇಜಿನ ಯುವಜನೋತ್ಸವಗಳಲ್ಲಿ ಹಲಗಿ ವೇದಿಕೆಯ ನಡುವೆ ನಿಲ್ಲುತ್ತದೆ. ನಾನು ಆರಿಸಿಕೊಂಡದ್ದು ಕನ್ನಡದ ಪಾಠ. ಕುಮಾರವ್ಯಾಸನ ಭಾಮಿನಿಯನ್ನು ಕಲಿಸುವಾಗ ಲಕ್ಷಣವನ್ನು ಹಲಗೆಯ ಮೇಲೆ ಬರೆಯುತ್ತೇನೆ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು-ನಾಲ್ಕರ ಗಣಗಳು ಎರಡು ಸಲ, ಒಟ್ಟು 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಅದೇ ಜೋಡಿ ಮೂರು ಸಲ, ಮೇಲೊಂದು ಗುರು, ಒಟ್ಟು 23. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಆದರೆ ಮುಖದಲ್ಲಿ ಏನೂ ಕಾಣುವುದಿಲ್ಲ. ಆಗ ಪುಸ್ತಕ ಮುಚ್ಚಿಸಿ, ಅಂಗೈಯಿಂದ ತೊಡೆಯ ಮೇಲೆ ಬಾರಿಸಿರೆಂದು ಹೇಳುತ್ತೇನೆ. ಯಾವನೋ ಒಬ್ಬನು ಜೋರು ಮಾಡುತ್ತಾನೆ. ಪಕ್ಕದವನನ್ನು ಕೇಳು ಎನ್ನುತ್ತೇನೆ. ಕೆಲವು ಸುತ್ತುಗಳ ಮೇಲೆ ಅರವತ್ತು ಕೈಗಳು ಒಂದಾಗಿ ಬೀಳುತ್ತವೆ; ಯಾವ ಕೈ ಯಾವ ಓಣಿಯದೆಂದು ಆ ಸದ್ದಿನಲ್ಲಿ ತಿಳಿಯುವುದಿಲ್ಲ.