ಗೋಡೆಯ ಪಾಠಾಂತರಗಳು: ಒಡೆಯದೆ ಒಳಗನ್ನು ಓದುವ ರೇಡಾರ್

(ಗಡಿನಾಡಿನ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ)

ಸ್ಲೈಡ್ ಕಾಣ್ತಾ ಇದೆ ಅಂದ್ಕೊಳ್ತೇನೆ. ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಊರು ಕಾಸರಗೋಡಿನ ಕಡೆ. ಸಾಹಿತ್ಯ ಓದುವವನಿಗೆ ರೇಡಾರ್ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಅಜ್ಜನ ಮನೆಯ ಒಂದು ಗೋಡೆ.

ಕೆಂಪುಕಲ್ಲಿನ ಮನೆ, ಮೇಲೆ ಸುಣ್ಣದ ಗಾರೆ. ಜಗಲಿಯ ಒಳಗೋಡೆಯ ಮೇಲೆ ಅಜ್ಜ ಇದ್ದಿಲಿನಲ್ಲಿ ಅಡಿಕೆಯ ಲೆಕ್ಕ ಬರೆದಿಡುತ್ತಿದ್ದರು. ಯಾವ ಕೊಯ್ಲಿಗೆ ಎಷ್ಟಾಯಿತು, ಯಾರಿಂದ ಎಷ್ಟು ಬರಬೇಕು, ಎಲ್ಲವೂ ಕನ್ನಡ ಅಂಕಿಗಳಲ್ಲಿ. ಅಜ್ಜ ತೀರಿಕೊಂಡ ಮೇಲೂ ಅದು ಹಾಗೇ ಇತ್ತು. ಒಂದು ಮಳೆಗಾಲದಲ್ಲಿ ಆ ಗೋಡೆಗೆ ತೇವ ಹಿಡಿಯಿತು. ಮೇಸ್ತ್ರಿ ಬಂದರು, ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. "ಒಳಗೆ ಟೊಳ್ಳುಂಟು, ಒಡೆದೇ ನೋಡ್ಬೇಕು" ಅಂದರು. ಒಡೆದರು. ಕಲ್ಲು ಗಟ್ಟಿಯಾಗಿಯೇ ಇತ್ತು. ಕಲ್ಲಿನಿಂದ ಬಿಟ್ಟುಕೊಂಡದ್ದು ಗಾರೆಯ ಪದರ ಮಾತ್ರ. ನೀರು ಇಳಿಯುತ್ತಿದ್ದದ್ದು ಮೇಲಿನ ಒಡೆದ ಹಂಚಿನಿಂದ. ಗೋಡೆ ಎರಡು ದಿನದಲ್ಲಿ ಸರಿಹೋಯಿತು. ಅಜ್ಜನ ಲೆಕ್ಕ ಹೋಯಿತು. ನನಗಾಗ 11 ವರ್ಷ. ಯಾರೂ ಒಂದು ಫೋಟೊ ಕೂಡ ತೆಗೆದಿರಲಿಲ್ಲ.

ಒಡೆಯದೆ ನೋಡಲು ದಾರಿ ಇತ್ತೇ ಎಂಬ ಪ್ರಶ್ನೆ ಅಲ್ಲಿಂದ ನನ್ನ ಜೊತೆಗೆ ಬಂತು.

ತಟ್ಟಿ ಕೇಳುವುದರ ಮುಂದಿನ ಹೆಜ್ಜೆ

ದಾರಿ ಇದೆ. ಅದಕ್ಕೆ ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್, ಚಿಕ್ಕದಾಗಿ ಜಿಪಿಆರ್ ಎನ್ನುತ್ತಾರೆ. ನೆಲದೊಳಗನ್ನು ನೋಡಲು ಬಂದ ಉಪಕರಣ. ಗೋಡೆಗೂ ಅದೇ ನಡೆಯುತ್ತದೆ. ಮೇಸ್ತ್ರಿಯ ಕೆಲಸಕ್ಕೂ ಇದರ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಅವರು ತಟ್ಟಿ ಶಬ್ದ ಕೇಳುತ್ತಾರೆ, ಇದು ರೇಡಿಯೊ ಅಲೆಯ ಒಂದು ಮಿಡಿತ ಕಳಿಸಿ ಅದರ ಮರುದನಿಗೆ ಕಾಯುತ್ತದೆ. ಆಂಟೆನಾ ಇರುವ ಪೆಟ್ಟಿಗೆಯನ್ನು ಗೋಡೆಯುದ್ದಕ್ಕೂ ಸಾಗಿಸುತ್ತಾ ಹೋಗಬೇಕು. ಒಳಗೆ ಕಲ್ಲು ಮುಗಿದು ಮಣ್ಣು, ಗಾಳಿ ಅಥವಾ ಲೋಹ ಶುರುವಾಗುವಲ್ಲಿ ಅಲೆಯ ಒಂದು ಪಾಲು ಹಿಂದಕ್ಕೆ ಬರುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಲೋಹವಾದರೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ. ಅದರ ಹಿಂದೆ ಏನಿದೆ ಎಂದು ಕಾಣುವುದೇ ಇಲ್ಲ.

ಯಂತ್ರ ಅಳೆಯುವುದು ಆಳವನ್ನಲ್ಲ, ಸಮಯವನ್ನು. ಅದೂ ನ್ಯಾನೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಗಾಳಿಯಲ್ಲಿ ಈ ಅಲೆ ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ಒಣಕಲ್ಲಿನಲ್ಲಿ ಸುಮಾರು 10ರಿಂದ 12, ನೀರಿನಲ್ಲಿ 3ಕ್ಕಿಂತ ಸ್ವಲ್ಪ ಹೆಚ್ಚು. ಈಗ ಮರುದನಿ 8 ನ್ಯಾನೊಸೆಕೆಂಡಿನಲ್ಲಿ ಬಂತು ಅಂತಿಟ್ಟುಕೊಳ್ಳಿ. ವೇಗ 10 ಎಂದು ಹಿಡಿದರೆ ಹೋಗಿ ಬಂದ ದಾರಿ 80 ಸೆಂಟಿಮೀಟರ್, ಆಳ 40. ಗೋಡೆ ತೇವವಾಗಿದ್ದು ವೇಗ 6ಕ್ಕೆ ಇಳಿದಿದ್ದರೆ ಅದೇ ಮರುದನಿಗೆ ಆಳ 24 ಮಾತ್ರ. ಸಂಕೇತ ಒಂದೇ, ಅರ್ಥ ಎರಡು. ವೇಗ ಎಷ್ಟೆಂದು ತೀರ್ಮಾನಿಸುವುದು ಓದುವವನ ಹೊಣೆ.

ತೆರೆಯ ಮೇಲೆ ಬರುವುದೂ ಗೋಡೆಯ ಫೋಟೊ ಅಲ್ಲ. ಒಳಗೆ ಒಂದು ಕಬ್ಬಿಣದ ಸರಳು ಇದ್ದರೆ ಅದು ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುತ್ತದೆ. ಯಾಕಂದ್ರೆ ಅಲೆ ನೇರ ಗೆರೆಯಲ್ಲಿ ಹೋಗುವುದಿಲ್ಲ, ಹರಡಿಕೊಂಡು ಹೋಗುತ್ತದೆ. ಪೆಟ್ಟಿಗೆ ಇನ್ನೂ ದೂರ ಇರುವಾಗಲೇ ಸರಳಿನಿಂದ ಮರುದನಿ ಬರುತ್ತದೆ, ದೂರದಿಂದ ಬಂದದ್ದು ತಡವಾಗಿ, ಅಂದರೆ ಹೆಚ್ಚು ಆಳದಲ್ಲಿದ್ದಂತೆ ದಾಖಲಾಗುತ್ತದೆ. ಗೊತ್ತಿಲ್ಲದವರು ಅದನ್ನು ಕಮಾನು ಎಂದು ಓದಿಬಿಡಬಹುದು. ಜೊತೆಗೆ ಒಂದು ಕೊಡುಕೊಳ್ಳುವಿಕೆಯೂ ಉಂಟು: ಹೆಚ್ಚಿನ ಕಂಪನಾಂಕದ ಅಲೆ ಸಣ್ಣ ಬಿರುಕನ್ನೂ ತೋರಿಸುತ್ತದೆ, ಆದರೆ ಬೇಗ ಸೋತುಹೋಗುತ್ತದೆ, ಕಡಿಮೆಯದು ಆಳಕ್ಕೆ ಹೋಗುತ್ತದೆ, ಆದರೆ ಸಣ್ಣದನ್ನೆಲ್ಲ ಬಿಟ್ಟುಬಿಡುತ್ತದೆ.

ಒಂದು ಗೋಡೆ, ಹಲವು ಓದು

ಇದು ಎಷ್ಟು ಗಂಭೀರ ವಿಷಯ ಎಂದು ತಿಳಿಯಲು ಈಜಿಪ್ಟಿನ ಲಕ್ಸರ್‌ಗೆ ಹೋಗಬೇಕು. ಹೊವಾರ್ಡ್ ಕಾರ್ಟರ್ 1922ರಲ್ಲಿ ಕಂಡುಹಿಡಿದ ತುತಾನ್‌ಖಾಮನ್‌ನ ಸಮಾಧಿ ಸುಣ್ಣಕಲ್ಲಿನ ಬಂಡೆಯಲ್ಲಿ ಕೊರೆದದ್ದು. ಶವಪೆಟ್ಟಿಗೆ ಇದ್ದ ಕೋಣೆಯ ಗೋಡೆಗಳ ತುಂಬ ಚಿತ್ರಗಳು. ಆ ಸಮಾಧಿಯ ತದ್ರೂಪು ತಯಾರಿಸಲು 2009ರಲ್ಲಿ ಗೋಡೆಗಳ ಮೇಲ್ಮೈಯನ್ನು ಬಹಳ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದ್ದರು. ಆ ಸ್ಕ್ಯಾನುಗಳನ್ನು ನೋಡಿದ ನಿಕೊಲಸ್ ರೀವ್ಸ್ ಎಂಬ ವಿದ್ವಾಂಸರು 2015ರಲ್ಲಿ ಒಂದು ವಾದ ಮುಂದಿಟ್ಟರು. ಉತ್ತರ ಮತ್ತು ಪಶ್ಚಿಮದ ಗೋಡೆಗಳ ಗಾರೆಯಲ್ಲಿ ಮುಚ್ಚಿದ ಬಾಗಿಲುಗಳ ಗೆರೆ ಕಾಣುತ್ತಿದೆ, ಉತ್ತರದ ಗೋಡೆಯ ಹಿಂದೆ ರಾಣಿ ನೆಫರ್‌ಟೀಟಿಯ ಸಮಾಧಿಯೇ ಇರಬಹುದು ಎಂದು.

ಖಚಿತ ಮಾಡಿಕೊಳ್ಳಲು ಸುಲಭದ ಉಪಾಯ ಒಂದು ತೂತು ಕೊರೆಯುವುದು. ಆದರೆ ಉತ್ತರದ ಗೋಡೆಯ ಮೇಲಿರುವುದು 3,300 ವರ್ಷ ಹಳೆಯ ಚಿತ್ರ. ಆದ್ದರಿಂದ ರೇಡಾರ್ ಬಂತು. 2015ರ ನವೆಂಬರಿನಲ್ಲಿ ಜಪಾನಿನ ಹಿರೊಕಾತ್ಸು ವತಾನಾಬೆ ಪರೀಕ್ಷೆ ನಡೆಸಿದರು. ಗೋಡೆಗಳ ಹಿಂದೆ ಟೊಳ್ಳು ಇದೆ, ಲೋಹವೋ ಜೈವಿಕ ವಸ್ತುವೋ ಇರುವ ಸೂಚನೆಯೂ ಇದೆ ಎಂಬ ಸುದ್ದಿ 2016ರ ಮಾರ್ಚಿನಲ್ಲಿ ಹೊರಬಿತ್ತು. ಜಗತ್ತೆಲ್ಲ ಸಂಭ್ರಮ. ಅದಾಗಿ ಸ್ವಲ್ಪದರಲ್ಲೇ ನ್ಯಾಷನಲ್ ಜಿಯಾಗ್ರಫಿಕ್ ಕಡೆಯ ತಂಡ ಮತ್ತೆ ಅಳೆಯಿತು. ಆ ಟೊಳ್ಳು ಅವರಿಗೆ ಸಿಗಲಿಲ್ಲ. ಎರಡು ಓದು, ಎರಡು ಅರ್ಥ. 2018ರಲ್ಲಿ ಟ್ಯೂರಿನ್ನಿನ ಪಾಲಿಟೆಕ್ನಿಕ್‌ನ ಫ್ರಾಂಚೆಸ್ಕೊ ಪೊರ್ಚೆಲ್ಲಿ ನೇತೃತ್ವದ ತಂಡ ಬೇರೆ ಬೇರೆ ಕಂಪನಾಂಕದ ಮೂರು ರೇಡಾರ್ ವ್ಯವಸ್ಥೆಗಳಿಂದ, ದಟ್ಟವಾಗಿ ಗೆರೆ ಹಾಕಿಕೊಂಡು ಅಳೆಯಿತು. ಸಹಜ ಬಂಡೆ ಮುಗಿದು ಕಟ್ಟಿದ ಗೋಡೆ ಶುರುವಾಗುವ ಗುರುತು ಇಲ್ಲ, ಬಾಗಿಲೂ ಇಲ್ಲ ಎಂಬುದು ಅವರ ತೀರ್ಮಾನ. ಹಾಗಂತ ಚರ್ಚೆ ಮುಗಿಯಲಿಲ್ಲ. ಸಮಾಧಿಯ ಹೊರಗಿನಿಂದ ಮಾಡಿದ ಇನ್ನೊಂದು ಸಮೀಕ್ಷೆ ಹತ್ತಿರದ ಬಂಡೆಯಲ್ಲಿ ಟೊಳ್ಳು ಇರಬಹುದು ಎಂದಿತೆಂದು 2020ರಲ್ಲಿ ವರದಿಯಾಯಿತು.

ಇಷ್ಟಾದರೂ ಚಿತ್ರ ಮಾತ್ರ ಇದ್ದ ಹಾಗೇ ಇದೆ. ಮೊದಲ ಓದನ್ನು ನಂಬಿ ಕೊರೆದಿದ್ದರೆ? ಎರಡನೆಯ, ಮೂರನೆಯ ಓದಿಗೆ ಆ ಗೋಡೆ ಹಾಗೇ ಉಳಿಯುತ್ತಿರಲಿಲ್ಲ.

ಗ್ರಂಥಸಂಪಾದನೆಯ ಕಣ್ಣಿನಿಂದ

ಇಲ್ಲಿ ನಮ್ಮ ತರಗತಿ ನೆನಪಾಗುತ್ತದೆ. ಗ್ರಂಥಸಂಪಾದನೆಯಲ್ಲಿ ನಾವು ಕಲಿಯುವ ಮೊದಲ ಪಾಠ ಏನು? ಕವಿ ಬರೆದ ಮೂಲ ನಮ್ಮ ಕೈಯಲ್ಲಿಲ್ಲ, ಇರುವುದು ಪ್ರತಿಗಳು. ಒಂದು ಓಲೆ ಒಂದು ಪಾಠ ಕೊಟ್ಟರೆ ಇನ್ನೊಂದು ಬೇರೆಯೇ ಕೊಡುತ್ತದೆ. ಎಲ್ಲವನ್ನೂ ಹೋಲಿಸಿ, ಲಿಪಿಕಾರ ಎಲ್ಲಿ ತಪ್ಪಬಹುದು ಎಂದು ತಿಳಿದು, ಆಮೇಲೆ ಪಾಠ ನಿರ್ಣಯಿಸಬೇಕು. ಊಹಾಪಾಠ ಕೊಟ್ಟರೆ ಅದು ಊಹೆ ಎಂದು ಹೇಳಲೇಬೇಕು.

ರೇಡಾರ್ ಕೊಡುವುದೂ ಗೋಡೆಯ ಒಂದು ಪ್ರತಿಯನ್ನು, ಗೋಡೆಯನ್ನಲ್ಲ. ತೇವ, ಬಂಡೆಯ ಸಹಜ ಬಿರುಕು, ಕೋಣೆಯೊಳಗೇ ಪುಟಿದು ಬರುವ ಅಲೆ, ಇವು ಅದರ ಲಿಪಿಕಾರದೋಷಗಳು. ವತಾನಾಬೆಯವರ ಓದು, ಪೊರ್ಚೆಲ್ಲಿಯವರ ಓದು ಪಾಠಾಂತರಗಳು. ಆದರೆ ಒಂದು ಮುಖ್ಯ ವ್ಯತ್ಯಾಸ ಉಂಟು. ನಮಗೆ ಮೂಲ ಹೋಗಿ ಪ್ರತಿ ಉಳಿದಿದೆ. ಅವರಿಗೆ ಮೂಲ ಕಣ್ಣೆದುರಿಗೇ ಇದೆ, ಅದನ್ನು ಮುಟ್ಟುವಂತಿಲ್ಲ. "ಹಾನಿಯಿಲ್ಲದ ಪರೀಕ್ಷೆ" ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಇಲ್ಲಿ. ನಾವು ತಪ್ಪಿದರೂ ನಮ್ಮ ನಂತರದವರು ಮತ್ತೆ ಓದಲು ಮೂಲ ಉಳಿದಿರುತ್ತದೆ.

ಮತ್ತೆ ಅಜ್ಜನ ಗೋಡೆ

ಗಡಿನಾಡಿನಲ್ಲಿ ಕೆಲಸ ಮಾಡುವ ನಮಗೆ ಇದರಿಂದ ಏನು ಸಿಗುತ್ತದೆ? ಅತಿ ಆಸೆ ಬೇಡ. ರೇಡಾರ್ ಟೊಳ್ಳು, ಪದರ, ಲೋಹ, ತೇವ ತೋರಿಸೀತು. ಗಾರೆಯ ಅಡಿಯಲ್ಲಿ ಮುಚ್ಚಿಹೋದ ಶಾಸನದ ಅಕ್ಷರ ಓದಿಕೊಡುವುದಿಲ್ಲ. ನಮ್ಮ ಕಡೆಯ ಕೆಂಪುಕಲ್ಲು ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ, ಅಂಥ ಗೋಡೆಯಲ್ಲಿ ಅಲೆ ಬೇಗ ಸೋಲುತ್ತದೆ. ಬೇಸಗೆಯವರೆಗೆ ಕಾಯಬೇಕಾಗುತ್ತದೆ.

ಕಾಯುವುದು ಅಂದೆನಲ್ಲ, ನನಗೆ ಅದೇ ದೊಡ್ಡ ಪಾಠ. ಅವತ್ತು ನಮ್ಮ ಮನೆಗೆ ರೇಡಾರ್ ಬರುವ ಪ್ರಶ್ನೆಯೇ ಇರಲಿಲ್ಲ. ಆದರೆ ಒಂದು ಬೇಸಗೆ ಕಾಯಬಹುದಿತ್ತು, ಹಂಚಿನ ಕಡೆ ತಲೆಯೆತ್ತಿ ನೋಡಬಹುದಿತ್ತು, ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಬಹುದಿತ್ತು. ನಾವೆಲ್ಲ ಗೋಡೆಯ ಒಳಗೆ ಏನಿದೆ ಅಂತ ತಲೆ ಕೆಡಿಸಿಕೊಂಡೆವು. ಕಳೆದುಕೊಂಡದ್ದು ಗೋಡೆಯ ಮೇಲೆ ಇದ್ದದ್ದನ್ನು.

ನಿಮ್ಮ ನಿಮ್ಮ ಊರಲ್ಲಿ, ಸೊಲ್ಲಾಪುರ ಇರಲಿ, ತಾಳವಾಡಿ, ಆದೋನಿ ಇರಲಿ, ಹಳೆಯ ಮನೆಯೋ ಮಠವೋ ಶಾಲೆಯೋ ದುರಸ್ತಿಗೆ ಬಂದರೆ ಒಂದು ಕೆಲಸ ಮಾಡಿ. ಸುತ್ತಿಗೆ ಬೀಳುವ ಮೊದಲು ಮೊಬೈಲಿನಲ್ಲಾದರೂ ಗೋಡೆಯ ಫೋಟೊ ತೆಗೆದಿಡಿ. ಅದೂ ಒಂದು ಪ್ರತಿಯೇ.

ಪ್ರಶ್ನೆಗಳಿದ್ದರೆ ಚಾಟ್‌ನಲ್ಲಿ ಹಾಕಿ, ಗೊತ್ತಿದ್ದಷ್ಟು ಹೇಳ್ತೇನೆ.