ಶ್ರೀಮತಿ ಮಾರ್ಗರೆಟ್ ಕಸಿನ್ಸರೂ ಸ್ತ್ರೀಯರ ಮತಾಧಿಕಾರವೂ



ಚರಿತ್ರೆಯ ಪಾಠದ ವೇಳೆ ಒಬ್ಬ ಹುಡುಗಿಯು, "ಟೀಚರಮ್ಮಾ, ನಾವು ಶಾಲೆಯ ಕಿಟಕಿಯ ಗಾಜನ್ನೊಡೆದರೆ ದಂಡಿಸುತ್ತೀರಿ, ಮಂತ್ರಿಗಳ ಕಿಟಕಿಯನ್ನೊಡೆದವರನ್ನು ಹೊಗಳುತ್ತೀರೇಕೆ?" ಎಂದು ಕೇಳಿದಳು. ಕ್ಷಣಕಾಲ ನನಗೆ ಉತ್ತರ ತೋರಲಿಲ್ಲ.

ಆಕೆ ಕೇಳಿದ್ದು ಶ್ರೀಮತಿ ಮಾರ್ಗರೆಟ್ ಕಸಿನ್ಸರ ವಿಷಯವಾಗಿ. ಅವರು ೧೮೭೮ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಜನಿಸಿ, ಡಬ್ಲಿನಿನಲ್ಲಿ ಸಂಗೀತವನ್ನು ಅಭ್ಯಾಸಮಾಡಿ ಪದವಿಯನ್ನು ಪಡೆದರು. ೧೯೦೮ರಲ್ಲಿ ಹನ್ನಾ ಶೀಹಿ ಸ್ಕೆಫಿಂಗ್ಟನ್ನರೊಡನೆ ಐರಿಷ್ ಸ್ತ್ರೀಯರ ಮತಾಧಿಕಾರ ಸಂಘವನ್ನು ಸ್ಥಾಪಿಸಿದರು.

ಕಲ್ಲೇಕೆ ಬೇಕಾಯಿತು? ಸುಮಾರು ೧,೫೦೦ ಸ್ತ್ರೀಯರು ಸಹಿಮಾಡಿದ ಅರ್ಜಿಯು ಲಂಡನಿನ ಪಾರ್ಲಿಮೆಂಟಿಗೆ ಸಲ್ಲಿದುದು ೧೮೬೬ರಲ್ಲಿ. ಅನಂತರ ನಾಲ್ವತ್ತು ವರುಷಗಳಿಗೂ ಮೇಲ್ಪಟ್ಟು ಅರ್ಜಿಗಳು ಹೋದುವು, ಹಕ್ಕು ಬರಲಿಲ್ಲ. ಓಟಿಲ್ಲದವರ ಮಾತನ್ನು ಕೇಳಲೇಬೇಕೆಂಬ ನಿರ್ಬಂಧವು ಮಂತ್ರಿಗಳಿಗಿರಲಿಲ್ಲ. ಆದುದರಿಂದ ಕೆಲವು ಸ್ತ್ರೀಯರು ಬೇಕೆಂದೇ ಕಾನೂನನ್ನು ಮೀರಿ ಸೆರೆಮನೆಯನ್ನು ಸೇರಿದರು. ಶ್ರೀಮತಿ ಕಸಿನ್ಸರು ೧೯೧೦ರಲ್ಲಿ ಲಂಡನಿನ ಮಂತ್ರಿಗಳ ಮನೆಯ ಕಿಟಕಿಗಳಿಗೆ ಕಲ್ಲೆಸೆದು, ಹಾಲೋವೇ ಸೆರೆಮನೆಯಲ್ಲಿ ಒಂದು ತಿಂಗಳ ಶಿಕ್ಷೆಯನ್ನು ಅನುಭವಿಸಿದರು. ೧೯೧೩ರಲ್ಲಿ ಡಬ್ಲಿನ್ ಕೋಟೆಯ ಕಿಟಕಿಗಳನ್ನೊಡೆದು ಟಲ್ಲಮೋರ್ ಸೆರೆಮನೆಗೆ ಹೋಗಿ, ತಮ್ಮನ್ನು ರಾಜಕೀಯ ಕೈದಿಗಳೆಂದು ಎಣಿಸಬೇಕೆಂದು ಉಪವಾಸಮಾಡಿದರು.

೧೯೧೫ರಲ್ಲಿ ಭಾರತಕ್ಕೆ ಬಂದ ಮೇಲೆ ಅವರು ಹಿಡಿದ ಮಾರ್ಗವು ಬೇರೆ. ೧೯೧೭ರಲ್ಲಿ ಶ್ರೀಮತಿ ಸರೋಜಿನೀ ನಾಯುಡುರವರ ಮುಂದಾಳುತನದಲ್ಲಿ ಮದರಾಸಿನಲ್ಲಿ ಮಾಂಟೆಗ್ಯೂ ಮಂತ್ರಿಯವರನ್ನು ಕಂಡ ಸ್ತ್ರೀನಿಯೋಗವನ್ನು ಏರ್ಪಡಿಸಿದರು. ೧೯೧೯-೨೦ರಲ್ಲಿ ಮಂಗಳೂರಿನ ನ್ಯಾಷನಲ್ ಹೆಣ್ಣುಮಕ್ಕಳ ಶಾಲೆಗೆ ಮೊದಲನೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ೧೯೨೧ರಲ್ಲಿ ಮದರಾಸು ಶಾಸನಸಭೆಯು, ಪುರುಷರಿಗಿದ್ದ ಆಸ್ತಿಯ ನಿಬಂಧನೆಗಳಿಗೇ ಒಳಪಡಿಸಿ, ಸ್ತ್ರೀಯರಿಗೂ ಮತಾಧಿಕಾರವನ್ನು ಕೊಟ್ಟಿತು. ೧೯೨೬ರಲ್ಲಿ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಇವರ ಪ್ರೋತ್ಸಾಹದಿಂದ ಚುನಾವಣೆಗೆ ನಿಂತು, ಸ್ವಲ್ಪದರಲ್ಲಿಯೇ ಸೋತರು. ೧೯೩೨ರಲ್ಲಿ ಶ್ರೀಮತಿ ಕಸಿನ್ಸರು ಸರಕಾರದ ತುರ್ತು ಶಾಸನಗಳನ್ನು ಖಂಡಿಸಿ ಭಾಷಣಮಾಡಿದುದಕ್ಕಾಗಿ ಪುನಃ ಸೆರೆಮನೆಯನ್ನು ಕಂಡರು. ೧೯೫೪ರಲ್ಲಿ ತೀರಿಕೊಂಡರು.

ಆ ಹುಡುಗಿಗೆ ನಾನು ಕೊಟ್ಟ ಉತ್ತರವಿದು: ಕಲ್ಲು ಹೊಗಳತಕ್ಕುದಲ್ಲ. ಗಾಜನ್ನೊಡೆದು ಓಡಿಹೋಗುವುದು ತುಂಟತನ. ಒಡೆದ ಕೈ ತನ್ನದೆಂದು ಒಪ್ಪಿ, ಎಲ್ಲರ ಹಕ್ಕಿಗಾಗಿ ದಂಡನೆಯನ್ನು ತಾಳುವುದು ಬೇರೆ. ಅರ್ಜಿಗೆ ಕಿವಿಗೊಡುವವರಿದ್ದಲ್ಲಿ ಅವರಿಗೂ ಅರ್ಜಿಯೇ ಸಾಕಾಯಿತು.

ತಾಯಂದಿರೇ, ಚುನಾವಣೆಯ ದಿನ ಮನೆಗೆಲಸದ ನೆವದಿಂದ ಓಟನ್ನು ಬಿಡಬೇಡಿರಿ. ಮಗಳನ್ನೂ ಜೊತೆಗೆ ಕರೆದೊಯ್ಯಿರಿ. ಅವಳ ಪ್ರಶ್ನೆಗೆ ಅದೂ ಒಂದು ಉತ್ತರ.